ಪಕ್ಕದ ಸೀಟಿನ ತೂಕ

ಫೆಬ್ರವರಿ 3, ಸೋಮವಾರ

ಬಾಯಿ ಬಿಟ್ಟರೆ ಮನೆಯಲ್ಲಿ ಜಗಳ, ಗ್ಯಾರೇಜಿನಲ್ಲಿ ಜಗಳ. ಅದಕ್ಕೇ ಬರೆಯಲು ಕೂತಿದ್ದೇನೆ. ಕಾಗದ ಎದುರುತ್ತರ ಕೊಡುವುದಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ತಪ್ಪಿದ್ದರೆ ಇರಲಿ, ಓದುವವನೂ ನಾನೇ.

ಆದದ್ದು ಇಷ್ಟು. ಹೋದ ವಾರ ಒಬ್ಬ ತನ್ನ ವ್ಯಾನು ತಂದಿದ್ದ. ಎಂಜಿನ್ನಿಗೆ ಕಿವಿ ಕೊಟ್ಟು ಕೇಳಿ, ಏನೂ ಆಗಿಲ್ಲ, ಧೈರ್ಯವಾಗಿ ಓಡಿಸು ಎಂದು ಕಳಿಸಿದ್ದೆ. ಹೆದ್ದಾರಿಯಲ್ಲಿ ಅದರ ಬೇರಿಂಗು ಪುಡಿಪುಡಿಯಾಯಿತು. ಅವನು ಅದನ್ನು ನಮ್ಮ ಎದುರು ರಸ್ತೆಯ ಗ್ಯಾರೇಜಿಗೆ ಎಳೆಸಿಕೊಂಡು ಹೋದ. ಆ ಗ್ಯಾರೇಜಿನ ಯಜಮಾನನನ್ನು ಎಲ್ಲರೂ ಗಡ್ಡ ಎನ್ನುತ್ತಾರೆ. ಗಡ್ಡ ಹತ್ತು ಜನರ ಮುಂದೆ, ಕಿವಿ ಮೇಸ್ತ್ರಿಯ ಕಾಲ ಮುಗಿಯಿತು, ಇನ್ನು ಮನೆಯಲ್ಲಿ ಕೂತು ಗಡಿಯಾರದ ಸದ್ದು ಕೇಳಲಿ ಎಂದನಂತೆ.

ಕಿವಿ ಮೇಸ್ತ್ರಿ ಎಂಬ ಹೆಸರು ನನ್ನಪ್ಪ ಇಟ್ಟದ್ದಲ್ಲ, ಜನ ಇಟ್ಟದ್ದು. ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ. ಅಷ್ಟರಲ್ಲೇ ಯಾವ ವಾಲ್ವು ಸಡಿಲ, ಯಾವುದು ಬಿಗಿ ಎಂದು ಹೇಳಿ ಹೊಟ್ಟೆ ಹೊರೆದವನು ನಾನು. ಆ ಬೇರಿಂಗು ತಯಾರಾದಾಗಲೇ ಕೆಟ್ಟಿತ್ತು, ಅದಕ್ಕೆ ನಾನೇನು ಮಾಡಲಿ?

ನೆಟ್ಟಗೆ ಗಡ್ಡನ ಗ್ಯಾರೇಜಿಗೇ ನಡೆದೆ. ಮುಂದಿನ ತಿಂಗಳು ರೇಸ್ ಟ್ರ್ಯಾಕಿನವರು ಒಂದು ದಿನ ಎಲ್ಲರಿಗೂ ಗೇಟು ತೆರೆಯುತ್ತಾರೆ. ಸ್ವಂತ ಕಾರು ತಂದು ಮನಸ್ಸಿಗೆ ಬಂದಷ್ಟು ವೇಗವಾಗಿ ಓಡಿಸಬಹುದು. ಪಂದ್ಯವಲ್ಲ, ಬಹುಮಾನವಿಲ್ಲ. ವೇಗದವರದೊಂದು ಗುಂಪು, ನಿಧಾನದವರದೊಂದು ಗುಂಪು. ಗಡ್ಡ ತನ್ನ ಕೆಂಪು ಕಾರನ್ನು ಪ್ರತಿ ವರ್ಷ ಒಯ್ದು ಮೆರೆಯುತ್ತಾನೆ. ಅವನಿಗೆ ಹೇಳಿ ಬಂದೆ: "ನನ್ನ ಕಾರನ್ನ ನಾನೇ ತಯಾರು ಮಾಡ್ತೀನಿ. ಮಿಷಿನ್ ಮುಟ್ಟಲ್ಲ, ಬರೀ ಕಿವಿಯಿಂದ. ವೇಗದ ಗುಂಪಲ್ಲಿ ನಿನ್ನ ಜೊತೇನೇ ಓಡಿಸ್ತೀನಿ. ಎಂಜಿನ್ ಸಾಯಂಕಾಲದವರೆಗೆ ಬಾಳಿದ್ರೆ ನೀನು ಬಾಯಿ ಮುಚ್ಕೋಬೇಕು."

ಬಾಳದಿದ್ದರೆ, ಅಂದ. ಬಾಳದಿದ್ದರೆ ನಾನು ಗ್ಯಾರೇಜಿಗೆ ಕಾಲಿಡುವುದಿಲ್ಲ ಅಂದೆ. ಅಂದದ್ದು ಅಂದದ್ದೇ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಇವಳು ಹೊಲಿಗೆ ಮಿಷಿನ್ನಿನ ಮೇಲಿದ್ದ ಕಾಲು ನಿಲ್ಲಿಸಲಿಲ್ಲ. ನಿಮಗೆ ವಯಸ್ಸೆಷ್ಟು ಎಂದಳು. ಎಪ್ಪತ್ತೊಂದು, ನಿನಗೆ ಗೊತ್ತಿಲ್ಲವಾ ಎಂದೆ. ನನಗೆ ಗೊತ್ತಿದೆ, ನಿಮಗೆ ಗೊತ್ತಿದೆಯೋ ಅಂತ ಕೇಳಿದೆ ಎಂದಳು.

ಫೆಬ್ರವರಿ 6, ಗುರುವಾರ

ಕಾರಿನ ಮೇಲಿನ ಹೊದಿಕೆ ತೆಗೆದೆ. ಎರಡು ಬಾಗಿಲಿನ ಹಳೆಯ ಕಾರು. ಹೊರಗಿನಿಂದ ನೋಡಿದರೆ ಮುದುಕಿ, ಒಳಗೆ ರಾಕ್ಷಸಿ. ಒಂದು ಕಾರ್ಬುರೇಟರ್ ಇದ್ದ ಕಡೆ ಎರಡು ಕೂರಿಸಿದ್ದೇನೆ. ಸ್ಪ್ರಿಂಗು ಕುಗ್ಗಿಸಿ ನೆಲಕ್ಕೆ ಹತ್ತಿರ ತಂದಿದ್ದೇನೆ. ಹಿಂದಿನ ಸೀಟು ಕಿತ್ತು ಎಸೆದು ಎಷ್ಟೋ ಕಾಲವಾಯಿತು.

ಗ್ಯಾರೇಜು ಈಗ ಮಗಳ ಕೈಯಲ್ಲಿದೆ. ಕೆಲಸ ಚೆನ್ನಾಗಿ ಕಲಿತಿದ್ದಾಳೆ, ನಾಲಿಗೆ ಮಾತ್ರ ಅಮ್ಮನದು. ಕಿಡಿ ಹೊಡೆಯೋ ಹೊತ್ತು ತೋರಿಸೋ ಟೈಮಿಂಗ್ ಲೈಟು ಇದೆ ಅಪ್ಪ, ಎರಡು ನಿಮಿಷದ ಕೆಲಸ ಎಂದಳು. ಮಾತು ಕೊಟ್ಟಿದ್ದೇನೆ, ಲೈಟು ನಿನ್ನ ಮೇಜಿನ ಮೇಲೇ ಇರಲಿ ಎಂದೆ.

ನನ್ನ ರೀತಿ ಬೇರೆ. ಕಿಡಿ ಹೊಡೆಯುವ ಹೊತ್ತನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಮುಂದಕ್ಕೆ ತರುತ್ತಾ ಹೋಗಬೇಕು. ಮುಂದಕ್ಕೆ ತಂದಷ್ಟೂ ಎಂಜಿನ್ನಿಗೆ ಕಸುವು. ಮಿತಿ ಮೀರಿತೋ, ಏರು ರಸ್ತೆಯಲ್ಲಿ ಕಿಣಿಕಿಣಿ ಎಂದು ಸಣ್ಣ ಸದ್ದು ಮಾಡುತ್ತದೆ. ಅದಕ್ಕೆ ನಾಕ್ ಎನ್ನುತ್ತಾರೆ. ಕೇಳಿದ ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರೆ ಮುಗಿಯಿತು. ಕಿಣಿಕಿಣಿ ಎನ್ನುವಾಗಲೂ ಓಡಿಸುತ್ತಾ ಇದ್ದರೆ ಪಿಸ್ಟನ್ನಿನ ತಲೆ ಕರಗಿ ತೂತಾಗುತ್ತದೆ. ಕಾರು ತಾನೇ ಹೇಳುತ್ತದೆ ಎಲ್ಲಿ ನಿಲ್ಲಬೇಕು ಎಂದು. ಲೈಟು ಯಾಕೆ?

ಫೆಬ್ರವರಿ 12, ಬುಧವಾರ

ಇಂಡಿಕೇಟರಿನ ರಿಲೇ ಕೆಟ್ಟಿದೆ. ದೀಪ ಮಿನುಗುತ್ತದೆ, ಟಿಕ್ ಟಿಕ್ ಎನ್ನುವುದಿಲ್ಲ. ಹೊಸದು ಹಾಕಿದೆ. ಅದೂ ದಂಡ. ಈಗಿನ ಸಾಮಾನೇ ಹೀಗೆ. ಇಂಡಿಕೇಟರ್ ಹಾಕಿಕೊಂಡೇ ಮನೆಯವರೆಗೆ ಬಂದಿದ್ದೀಯ ಎಂದು ಮಗಳು ನಕ್ಕಳು. ರಿಲೇ ಮಾಡಿದವನಿಗೆ ಹೇಳು ಎಂದೆ.

ಕಾರಿನ ದನಿಯೂ ಸರಿಯಿಲ್ಲ. ಮೊದಲು ಮೇಲಿನ ವೇಗಕ್ಕೆ ಹೋದಾಗ ಶಿಳ್ಳೆ ಹಾಕಿದ ಹಾಗೆ ಹಾಡುತ್ತಿತ್ತು. ಈಗ ಬರೀ ಗುಡುಗುಡು. ಬಾಯಿಗೆ ಕಂಬಳಿ ತುರುಕಿದ ಹಾಗೆ. ಸೈಲೆನ್ಸರ್ ಕಟ್ಟಿಕೊಂಡಿರಬೇಕು ಎಂದು ಕೊಯ್ದು ತೆಗೆದೆ, ನೇರ ಪೈಪು ಹಾಕಿದೆ. ಶುರು ಮಾಡಿದ ಕೂಡಲೇ ಮಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಪಕ್ಕದ ಅಂಗಡಿಯವನು ಹೊರಗೆ ಓಡಿ ಬಂದ. ನಾಟಕದವರು. ನನಗಂತೂ ಇನ್ನೂ ಮಂಕಾಗಿಯೇ ಇದೆ. ಟ್ರ್ಯಾಕಿನಲ್ಲಿ ಸದ್ದು ಅಳೆಯುತ್ತಾರೆ ಎಂದು ಮಗಳು ಹೆದರಿಸಿದಳು. ಅಳೆಯಲಿ.

ಫೆಬ್ರವರಿ 18, ಮಂಗಳವಾರ

ಇಂಥ ಎಂಜಿನ್ ನನ್ನ ಜನ್ಮದಲ್ಲಿ ಕಂಡಿಲ್ಲ. ಎಷ್ಟು ಮುಂದಕ್ಕೆ ತಂದರೂ ತೆಗೆದುಕೊಳ್ಳುತ್ತದೆ. ಮೇಲ್ಸೇತುವೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ಒತ್ತಿದೆ, ಕಿಣಿ ಎನ್ನಲಿಲ್ಲ. ಇನ್ನಷ್ಟು ತಿರುಗಿಸಿದೆ. ಆಗಲೂ ಇಲ್ಲ. ಇನ್ನೂ ಸ್ವಲ್ಪ. ಗಪ್ ಚುಪ್. ಗಡ್ಡ ನೋಡಬೇಕು ಇದನ್ನು.

ಮಗಳು ಮೂರು ಸಲ ಫೋನು ಮಾಡಿದಳಂತೆ. ಫೋನೂ ಹಾಳಾಗಿದೆ.

ಫೆಬ್ರವರಿ 23, ಭಾನುವಾರ

ಇವಳು ಹೊಲಿದ ಬಟ್ಟೆಯ ಗಂಟನ್ನು ಅಂಗಡಿಗೆ ಮುಟ್ಟಿಸಬೇಕಿತ್ತು. ಬೇರೆ ಗಾಡಿ ಇರಲಿಲ್ಲ, ಇದರಲ್ಲೇ ಕೂರಿಸಿಕೊಂಡು ಹೋದೆ. ಈ ಕಾರಿಗೆ ಇವಳನ್ನು ಹತ್ತಿಸುವುದು ನನಗೆ ಇಷ್ಟವಿಲ್ಲ. ದಾರಿಯುದ್ದಕ್ಕೂ ಮಾತು. ಇವತ್ತು ನೇರ ಪೈಪಿನ ಪುಣ್ಯ, ಮಾತಿಲ್ಲ.

ಸೇತುವೆ ಏರುವಾಗ ಭುಜ ತಟ್ಟಿದಳು. ಮೇಲೆ ಹೋಗಿ ನಿಲ್ಲಿಸಿದೆ. ಡಿಕ್ಕಿಯಲ್ಲಿ ಏನಿಟ್ಟಿದ್ದೀರಿ ಎಂದಳು. ಏನೂ ಇಲ್ಲ ಎಂದೆ. "ಮತ್ತೆ ಏರಲ್ಲಿ ಅದೇನು ಸದ್ದು? ನನ್ನ ಗುಂಡಿ ಡಬ್ಬಿ ಅಲ್ಲಾಡಿಸಿದ ಹಾಗೆ. ಇಷ್ಟು ಗಲಾಟೇಲೂ ಕೇಳ್ತಲ್ಲ."

ಎಂಥದೂ ಇಲ್ಲ, ನಿನ್ನ ತಲೆಯಲ್ಲಿ ಗುಂಡಿ ಉದುರಿರಬೇಕು ಎಂದು ರೇಗಿದೆ. ಅವಳು ಗಂಟು ಎತ್ತಿಕೊಂಡು ಇಳಿದು ನಡೆದೇ ಹೋದಳು. ನಾನು ಹಿಂದೆ ಹಿಂದೆ ಕಾರು ಓಡಿಸಿದೆ. ತಿರುಗಿ ನೋಡಲಿಲ್ಲ.

ಫೆಬ್ರವರಿ 24, ಸೋಮವಾರ

ಬೆಳಿಗ್ಗೆ ಯಾರೂ ಬರುವ ಮುಂಚೆ ಗ್ಯಾರೇಜಿಗೆ ಹೋಗಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಸುಮ್ಮನೆ, ಹೇಗೂ ಬಿಚ್ಚಬೇಕಿತ್ತು. ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿಯ ಚುಕ್ಕಿಗಳು. ಸೂಜಿಮೊನೆಯಷ್ಟು. ಉಗುರಿನಿಂದ ಕೆರೆದೆ. ಪಿಸ್ಟನ್ನಿನ ತಲೆಯ ಅಲ್ಯೂಮಿನಿಯಂ. ಕರಗಲು ಶುರುವಾಗಿದೆ.

ಪೆಟ್ರೋಲಿಗೆ ಏನೋ ಬೆರೆಸುತ್ತಿದ್ದಾರೆ.

ಫೆಬ್ರವರಿ 25, ಮಂಗಳವಾರ

ಬರೆಯಲು ಏನೂ ಇಲ್ಲ.

ಫೆಬ್ರವರಿ 28, ಶುಕ್ರವಾರ

ಬೇರೆ ಬಂಕಿನ ಪೆಟ್ರೋಲು ಹಾಕಿಸಿದೆ. ಟೈಮಿಂಗು ಸಾಕಷ್ಟು ಹಿಂದಕ್ಕೆ ತಂದೆ. ಎಷ್ಟು ಹಿಂದಕ್ಕೆ ತಂದರೆ ಸರಿ ಎನ್ನುವುದೇ ಪ್ರಶ್ನೆ. ತೀರಾ ಹಿಂದಕ್ಕೆ ತಂದರೆ ಕಾರು ಎಮ್ಮೆಯಾಗುತ್ತದೆ, ಗಡ್ಡನ ಮುಂದೆ ಎಮ್ಮೆ ಓಡಿಸಲೇ?

ಇನ್ನೊಂದು ಸಂಗತಿ ಹೊಳೆಯಿತು. ಕಾರಿನಲ್ಲಿ ಒಬ್ಬನೇ ಕೂತರೆ ತೂಕವೆಲ್ಲ ಒಂದೇ ಕಡೆ. ತಿರುವಿನಲ್ಲಿ ಎಳೆಯುತ್ತದೆ. ಪಕ್ಕದ ಸೀಟಿನಲ್ಲಿ ತೂಕ ಬೇಕು. ಇವಳನ್ನು ಕೇಳಿದೆ. ನನ್ನ ತೂಕದ ಮೇಲೆ ಈಗ ಪ್ರೀತಿ ಬಂತಾ ಎಂದಳು. ಬಂದು ಕೂತಳು. ಸೇತುವೆ ಏರಿಸಿದೆ. ಹಾಗೇ ಮಾತಿಗೆ, ಏನಾದರೂ ಕೇಳುತ್ತದೆಯಾ ಎಂದು ವಿಚಾರಿಸಿದೆ. ಈ ಅಬ್ಬರದಲ್ಲಿ ಅರ್ಧ ಕೇಳುತ್ತದೆ, ಅರ್ಧ ಇಲ್ಲ. ನಾನು ಕೇಳಿಸಿಕೊಳ್ಳಬೇಕಾದರೆ ಮೊದಲು ಇದರ ಬಾಯಿ ಮುಚ್ಚಿ ಎಂದಳು.

ಸೈಲೆನ್ಸರ್ ವಾಪಸು ಬೆಸುಗೆ ಹಾಕಿದೆ. ಟ್ರ್ಯಾಕಿನವರು ಅಳೆಯುತ್ತಾರಲ್ಲ, ಅದಕ್ಕೆ.

ಮಾರ್ಚ್ 4, ಮಂಗಳವಾರ

ದಿನಾ ಸಂಜೆ ಸೇತುವೆ. ಗುಂಡಿ ಡಬ್ಬಿ ಕೇಳಿದರೆ ನನ್ನ ತೊಡೆಗೆ ಒಂದು ಏಟು ಹಾಕಬೇಕು ಎಂದು ಹೇಳಿದ್ದೇನೆ. ಮದುವೆಯಾದಾಗಿನಿಂದ ಕಾಯುತ್ತಿದ್ದೆ ಎಂದಳು. ಸುಮ್ಮನೆ ತಟ್ಟು ಎಂದರೆ ಬಾರಿಸುತ್ತಾಳೆ. ಹೊಲಿಗೆ ಹಾಕಿ ಹಾಕಿ ಕೈ ಕಬ್ಬಿಣವಾಗಿದೆ.

ಏಟು ಬಿದ್ದರೆ ನಿಲ್ಲಿಸಿ, ಬಾನೆಟ್ ಎತ್ತಿ, ಕೂದಲೆಳೆಯಷ್ಟು ಹಿಂದಕ್ಕೆ. ಮತ್ತೆ ಕೆಳಗಿಳಿದು ಮತ್ತೆ ಏರು. ಏಟು ಬೀಳದಿದ್ದರೆ ಅರ್ಧ ಕೂದಲೆಳೆ ಮುಂದಕ್ಕೆ. ಇವತ್ತು ಕೊನೆಯ ಸಲ ಏರುವಾಗ ಕೈ ಎತ್ತಿದಳು, ಹೊಡೆಯಲಿಲ್ಲ. ಯಾಕೆ ಎಂದೆ. "ಡಬ್ಬೀಲಿ ಒಂದೇ ಗುಂಡಿ ಇದ್ದ ಹಾಗಿತ್ತು. ಉರುಳಿತು, ನಿಂತಿತು. ಅದಕ್ಕೆ ಹೊಡೀಬೇಕೋ ಬೇಡ್ವೋ ಗೊತ್ತಾಗಲಿಲ್ಲ."

ನಾನು ಹುಡುಕುತ್ತಿದ್ದ ಜಾಗ ಅದೇ. ಒಂದೇ ಗುಂಡಿ. ಅಲ್ಲಿಂದ ಕೂದಲೆಳೆ ಹಿಂದಕ್ಕೆ ತಂದು ಬೋಲ್ಟು ಬಿಗಿದೆ.

ಮಗಳು ಎಲ್ಲ ನೋಡುತ್ತಿದ್ದಾಳೆ. ಕಿವಿಯಿಂದಲೇ ಮಾಡುತ್ತೇನೆ ಅಂದಿದ್ದೆಯಲ್ಲ ಎಂದು ಕೆಣಕಿದಳು. ಕಿವಿ ಅಂದಿದ್ದೆ, ಯಾರ ಕಿವಿ ಅಂತ ಗಡ್ಡ ಕೇಳಲಿಲ್ಲ ಎಂದೆ.

ಮಾರ್ಚ್ 7, ಶುಕ್ರವಾರ

ಜಗಳ. ಮಗಳು ಕಿವಿ ಡಾಕ್ಟರ ಹತ್ತಿರ ಹೊತ್ತು ಗೊತ್ತುಮಾಡಿಕೊಂಡು ಬಂದಿದ್ದಾಳೆ, ನನ್ನನ್ನು ಕೇಳದೆ. ಕಿವಿಯೊಳಗೆ ಇಡುವ ಸಣ್ಣ ಮಿಷಿನ್ ಬಂದಿದೆ ಅಪ್ಪ, ಇಟ್ಟದ್ದೇ ಗೊತ್ತಾಗಲ್ಲ ಎಂದಳು. ಗೊತ್ತಾಗದಿದ್ದ ಮೇಲೆ ಯಾಕೆ ಇಡಬೇಕು? ಕೈಯಲ್ಲಿದ್ದ ಸ್ಪ್ಯಾನರ್ ಗೋಡೆಗೆ ಎಸೆದೆ. ಅದು ಪುಟಿದು ಬಂದು ನನ್ನ ಕಾಲಿಗೇ ಬಿತ್ತು. ಅವಳು ನಗು ತಡೆದುಕೊಂಡದ್ದು ನೋಡಿ ಇನ್ನೂ ಸಿಟ್ಟು ಬಂತು. ಹೆಬ್ಬೆರಳು ಊದಿದೆ. ಕ್ಲಚ್ ಒತ್ತುವ ಕಾಲು. ಆದರೂ ಹೋಗುವವನೇ.

ಮಾರ್ಚ್ 11, ಮಂಗಳವಾರ

ಬ್ರೇಕ್ ಕೆಲಸ ಮುಗಿಯಿತು. ಹಳೆಯ ಎಣ್ಣೆ ಪೂರ್ತಿ ತೆಗೆದು ಹೊಸದು ತುಂಬಿಸಿದೆ. ಟ್ರ್ಯಾಕಿನಲ್ಲಿ ಬ್ರೇಕ್ ಕಾದು ಕಾದು ಹಳೆಯ ಎಣ್ಣೆ ಕುದಿಯುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಮಗಳು ಪೆಡಲ್ ಒತ್ತಿದಳು, ನಾನು ಕೆಳಗೆ ಮಲಗಿ ಪೈಪಿನ ಗಾಳಿಗುಳ್ಳೆ ಹೊರಗೆ ಬಿಟ್ಟೆ. ಒತ್ತು ಎಂದರೆ ಒತ್ತುವುದು, ಬಿಡು ಎಂದರೆ ಬಿಡುವುದು, ಅಷ್ಟೇ. ಕೊನೆಗೆ ಅವಳೇ, ಪೆಡಲ್ ಕಲ್ಲಿನ ಹಾಗಿದೆ ಅಪ್ಪ ಎಂದಳು. ಒಳ್ಳೆಯದು ಎಂದೆ. ಅಲ್ಲಿಗೆ ರಾಜಿ.

ಇವಳಿಗೆ ಮುಖ ಮುಚ್ಚದ ಹೆಲ್ಮೆಟ್ ತಂದೆ. ಅದನ್ನು ಹಾಕಿಕೊಂಡು ಗುಂಡಿ ಸದ್ದು ಕೇಳುತ್ತದೋ ಇಲ್ಲವೋ ನೋಡಬೇಕಲ್ಲ. ಸಂಜೆ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಸೇತುವೆ ಏರಿದೆವು. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆ. ಇವಳು ಕೈ ಬೀಸಿದಳು. ಬೇಕೆಂದೇ ಟೈಮಿಂಗು ಸ್ವಲ್ಪ ಮುಂದಕ್ಕೆ ಇಟ್ಟಿದ್ದೆ, ಹೇಳಿರಲಿಲ್ಲ. ಏಟು ಬಿತ್ತು. ಹೆಲ್ಮೆಟ್ ಒಳಗೂ ಕೇಳುತ್ತದೆ. ಪರೀಕ್ಷೆ ಮಾಡಿದಿರಾ ಎಂದು ಇನ್ನೊಂದು ಬಿತ್ತು.

ಮಾರ್ಚ್ 15, ಶನಿವಾರ

ನಾಳೆ. ಟೈಮಿಂಗು ಆ ದಿನವೇ ಮೊದಲಿನ ಜಾಗಕ್ಕೆ ತಂದಿದ್ದೆ. ನಟ್ಟು ಬೋಲ್ಟು ಎಲ್ಲ ಮತ್ತೊಮ್ಮೆ ನೋಡಿದೆ. ಗಡ್ಡ ರಸ್ತೆ ದಾಟಿ ಬಂದು, ಎಳೆದು ತರಲು ಹಗ್ಗ ತರುತ್ತೀರಾ, ನಾನೇ ತರಲಾ ಎಂದ. ನೀನೇ ತಾ, ನಿನ್ನದಕ್ಕೇ ಬೇಕಾಗುತ್ತದೆ ಎಂದೆ.

ಮಾರ್ಚ್ 16, ಭಾನುವಾರ

ಮೈಯೆಲ್ಲ ನೋವು. ಆದರೂ ಬರೆದೇ ಮಲಗುತ್ತೇನೆ.

ಗೇಟಿನಲ್ಲಿ ಹಳದಿ ಜಾಕೆಟ್ಟಿನ ಹೆಂಗಸು. ಎಲ್ಲದಕ್ಕೂ ಅವಳದೇ ಯಜಮಾನಿಕೆ. ಪೈಪಿನ ಹಿಂದೆ ಮೀಟರು ಹಿಡಿದು ಸದ್ದು ಅಳೆದಳು. ಪಾಸು. ಬ್ರೇಕ್ ನೋಡಿದಳು. ಪಾಸು. ವೇಗದ ಗುಂಪು ಎಂದೆ. ತಲೆಯಾಡಿಸಿದಳು. ಆಮೇಲೆ ಇವಳ ಹೆಲ್ಮೆಟ್ ನೋಡಿ, ಇವರು ಯಾರು ಎಂದಳು. ಪಕ್ಕದ ಸೀಟಿಗೆ ಎಂದೆ. ವೇಗದ ಗುಂಪಿನಲ್ಲಿ ಪಕ್ಕದ ಸೀಟು ಖಾಲಿ ಇರಬೇಕು, ಅದು ನಿಯಮ. ಇನ್ನೊಬ್ಬರನ್ನು ಕೂರಿಸಿಕೊಳ್ಳುವುದಾದರೆ ನಿಧಾನದ ಗುಂಪು ಎಂದಳು. ತೂಕಕ್ಕೆ ಬೇಕು ಎಂದೆ. "ತೂಕ ತಾನೇ ಯಜಮಾನ್ರೇ, ಮರಳಿನ ಮೂಟೆ ಇದೆ, ಕೊಡ್ತೀನಿ."

ಇವಳು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಳು. ಹಿಂದೆ ಕಾರುಗಳು ಹಾರ್ನ್ ಹೊಡೆಯುತ್ತಿದ್ದವಂತೆ. ಆ ಮರಳಿನ ಮೂಟೆಯನ್ನು ನೋಡಿದೆ. ಒಳ್ಳೆಯ ಮೂಟೆ. ನಿಧಾನದ ಗುಂಪಿಗೇ ಹಾಕಿ ಎಂದೆ.

ಆ ಗುಂಪಿನಲ್ಲಿ ಯಾರು? ಹೋದ ತಿಂಗಳು ಲೈಸೆನ್ಸ್ ತೆಗೆದವರು, ಅಪ್ಪನ ಕಾರು ತಂದವರು, ಹೊಸದಾಗಿ ಮದುವೆಯಾದ ಜೋಡಿ. ಗಡ್ಡ ಬೇಲಿಯ ಆಚೆಯಿಂದ, "ಮೇಸ್ತ್ರಿಗಳೇ, ಅಂಗನವಾಡಿಗೆ ಸೇರಿದ್ರಾ?" ಎಂದು ಕೇಳಿದ. ಅದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಕೇಳಬಾರದ್ದು ಚೆನ್ನಾಗಿ ಕೇಳುತ್ತದೆ.

ಮೊದಲ ಸರದಿ. ನೆಲಕ್ಕೆ ಅಂಟಿಕೊಂಡು ಓಡಿತು ಕಾರು. ಎಡಕ್ಕೆ ಒಂದು ತಿರುವು, ಬಲಕ್ಕೆ ಎರಡು, ಆಮೇಲೆ ಉದ್ದನೆಯ ನೇರ ರಸ್ತೆ. ಮುಂದಿನವನು ಕೈ ಬೀಸಿದರೆ ಮಾತ್ರ ದಾಟಬೇಕು. ಒಬ್ಬೊಬ್ಬರೂ ಕೈ ಬೀಸಿದರು, ಎಲ್ಲರನ್ನೂ ದಾಟಿದೆ. ನೇರ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ ಪೂರ್ತಿ ಒತ್ತಿದೆ. ಬೇಲಿಗೆ ಒರಗಿ ಜನ ನೋಡುತ್ತಿದ್ದ ಜಾಗ ಅದು. ಸರಿಯಾಗಿ ಅಲ್ಲೇ ತೊಡೆಗೆ ಏಟು ಬಿತ್ತು.

ಒಂದು ಕ್ಷಣ ಕಾಲು ಎತ್ತಲಿಲ್ಲ. ನನಗೆ ಏನೂ ಕೇಳಿರಲಿಲ್ಲ. ಎಂಜಿನ್ ಗಂಧರ್ವನ ಹಾಗೆ ಹಾಡುತ್ತಿತ್ತು, ನನ್ನ ಪಾಲಿಗೆ. ಗಡ್ಡ ಬೇಲಿಯ ಹತ್ತಿರವೇ ಇದ್ದ. ಎರಡನೇ ಏಟು ಬಿತ್ತು. ಕಾಲು ಎತ್ತಿದೆ. ನಾನು ಹಿಂದೆ ಹಾಕಿದವರೆಲ್ಲ ನನ್ನನ್ನು ದಾಟಿ ಹೋದರು. ಹೊಸ ಜೋಡಿಯೂ ಹೋಯಿತು, ಆ ಹೆಣ್ಣು ನಮಗೆ ಕೈ ಬೀಸಿದಳು.

ನಿಲ್ಲಿಸಿ ಬಾನೆಟ್ ಎತ್ತಿದೆ. ಬೇರೆ ಗಾಡಿಯಲ್ಲಿ ಸಾಮಾನು ತಂದಿದ್ದ ಮಗಳು ಪ್ಲಗ್ ಬಿಚ್ಚಿ ಕೊಟ್ಟಳು. ಒಂದೇ ಒಂದು ಚುಕ್ಕಿ. ಇನ್ನೊಂದು ಸುತ್ತು ಹಾಗೇ ಒತ್ತಿದ್ದರೆ ಮನೆಗೆ ಗಡ್ಡನ ಹಗ್ಗದಲ್ಲೇ. ಸೇತುವೆಯ ಏರು ಚಿಕ್ಕದು. ಇಲ್ಲಿ ಎಂಜಿನ್ ಕಾಯುವಷ್ಟು ಅಲ್ಲಿ ಕಾಯುವುದಿಲ್ಲ. ಕೂದಲೆಳೆ ಹಿಂದಕ್ಕೆ ತಂದೆ.

ಎರಡನೇ ಸರದಿಯಲ್ಲಿ ಏಟಿಲ್ಲ. ದೊಡ್ಡ ತಿರುವಿನಲ್ಲಿ ಓರೆಗಣ್ಣಿನಲ್ಲಿ ನೋಡಿದರೆ ಇವಳ ಬಾಯಿ ಅಗಲವಾಗಿ ತೆರೆದಿದೆ. ಹೆದರಿ ಕಿರುಚುತ್ತಿದ್ದಾಳೆ ಎಂದು ನಿಧಾನ ಮಾಡಿದೆ. ಆಗ ಬಿತ್ತು ಏಟು. ನಿಲ್ಲಿಸಿದ ಮೇಲೆ, ಯಾಕೆ ನಿಧಾನ ಮಾಡಿದಿರಿ, ನಾನು ನಗ್ತಾ ಇದ್ದೆ ಎಂದಳು.

ಮಧ್ಯಾಹ್ನ ಹಳದಿ ಜಾಕೆಟ್ಟಿನವಳು ತಾನೇ ನಡೆದು ಬಂದಳು. ನಿಮ್ಮ ಓಟ ಈ ಗುಂಪಿಗೆ ಜಾಸ್ತಿಯಾಯಿತು, ಹೊಸಬರು ಹೆದರುತ್ತಿದ್ದಾರೆ. ಕೊನೆಯ ಸರದಿಗೆ ವೇಗದ ಗುಂಪಿಗೆ ಬನ್ನಿ, ಅಮ್ಮನವರು ನನ್ನ ಜೊತೆ ಕೂತು ನೋಡಲಿ ಎಂದಳು. ಗಡ್ಡ ಅಲ್ಲೇ ಚಹಾ ಕುಡಿಯುತ್ತಾ ನಿಂತಿದ್ದ. ಮಗಳು ಚಕ್ರದ ಹತ್ತಿರ ಕೂತಿದ್ದಳು. ಇವಳು ಆಗಲೇ ಪಟ್ಟಿ ಬಿಚ್ಚಲು ಕೈ ಹಾಕಿದ್ದಳು. ಹೋಗಿ ಬನ್ನಿ, ಇದಕ್ಕೇ ತಾನೇ ಇಷ್ಟೆಲ್ಲ ಮಾಡಿದ್ದು ಎಂದಳು.

ನನಗೆ ರೇಗಿತು. ಯಾರ ಮೇಲೆ ಎಂದು ಗೊತ್ತಿಲ್ಲ.

"ಎಂಜಿನ್ ನಾಕ್ ಹೊಡೆದ್ರೆ ನಂಗೆ ಕೇಳಲ್ಲ," ಎಂದೆ. "ಇವಳಿಗೆ ಕೇಳುತ್ತೆ. ಇವಳು ಹೇಳಿದ್ರೆ ನಾನು ಕಾಲು ಎತ್ತೋದು, ಇವಳು ಹೇಳಿದ್ರೆ ತಿರುಗ್ಸೋದು. ಈ ಕಾರು ಟ್ಯೂನ್ ಆಗಿರೋದೇ ಹಂಗೆ. ಇವಳು ಕೂತ್ರೆ ಓಡುತ್ತೆ, ಇಲ್ಲಾಂದ್ರೆ ಇಲ್ಲೇ ನಿಲ್ಲುತ್ತೆ. ನಿಮ್ಮ ವೇಗದ ಗುಂಪು ನೀವೇ ಇಟ್ಕೊಳ್ಳಿ."

ಗಡ್ಡನ ಕಡೆ ತಿರುಗಿ, ನಿನಗೂ ಕೇಳಿಸಿತಾ ಎಂದೆ. ಕೇಳಿಸಿತು ಎಂದ. ನಗಲಿಲ್ಲ.

ಆಮೇಲೆ ಮುಂದಿನ ಟೈರುಗಳ ಗಾಳಿ ನೋಡಿದೆ. ಎಡಗಡೆಯದು ಹೆಚ್ಚು ಕಾದಿತ್ತು, ಸ್ವಲ್ಪ ಇಳಿಸಿದೆ.

ಹಳದಿ ಜಾಕೆಟ್ಟಿನವಳು ನಿಯಮ ಮುರಿಯಲಿಲ್ಲ. ನಿಧಾನದ ಗುಂಪಿನವರೆಲ್ಲ ಹೋಗಿ ಬಂದ ಮೇಲೆ, ಕಡೆಯಲ್ಲಿ ನಮ್ಮಿಬ್ಬರನ್ನೇ ಬಿಟ್ಟಳು. ಟ್ರ್ಯಾಕ್ ಪೂರ್ತಿ ಖಾಲಿ. ದಾಟಲು ಮುಂದೆ ಯಾರೂ ಇಲ್ಲ, ತೋರಿಸಲು ಬೇಲಿಯ ಹತ್ತಿರವೂ ಹೆಚ್ಚು ಜನ ಇಲ್ಲ. ನೇರ ರಸ್ತೆಯಲ್ಲಿ ಕಾಲು ನೆಲಕ್ಕೆ ಮುಟ್ಟಿಸಿದೆ. ತೊಡೆಯ ಮೇಲೆ ಅವಳ ಕೈ ಇತ್ತು. ಸುಮ್ಮನೆ ಇತ್ತು, ಏಟಿಗೆ ತಯಾರಾಗಿ. ಬೀಳಲಿಲ್ಲ.

ಎಂಜಿನ್ ಸಾಯಂಕಾಲದವರೆಗೆ ಬಾಳಿತು. ನಮ್ಮ ಚಕ್ರದ ಮೇಲೆ ನಾವೇ ಮನೆಗೆ ಬಂದೆವು. ದಾರಿಯುದ್ದಕ್ಕೂ ಮಾತಾಡಿದಳು. ಅರ್ಧ ಕೇಳಿಸಿತು. ಇನ್ನರ್ಧ ಮತ್ತೊಮ್ಮೆ ಹೇಳು ಎಂದೆ, ಹೇಳಿದಳು.

ಮಾರ್ಚ್ 19, ಬುಧವಾರ

ಮಗಳು ಮತ್ತೆ ಕಿವಿ ಡಾಕ್ಟರ ಮಾತು ತೆಗೆದಳು. ಸರಿ, ಹೋಗುತ್ತೇನೆ ಎಂದೆ. ಅವಳ ಕೈಯಿಂದ ಚಹಾ ಲೋಟ ಜಾರುವುದೊಂದು ಬಾಕಿ.

ನಾನು ಸೋತು ಒಪ್ಪಿದ್ದಲ್ಲ, ಅದನ್ನು ಇಲ್ಲಿ ಬರೆದಿಡುತ್ತೇನೆ. ಹೋಗುವುದು ಇವಳನ್ನು ತೋರಿಸಲು. ಅರವತ್ತಾರು ವಯಸ್ಸು, ದಿನವಿಡೀ ಆ ಹೊಲಿಗೆ ಮಿಷಿನ್ನಿನ ಕಟಕಟ. ಅದರ ಮೇಲೆ ನನ್ನ ಕಾರು ಬೇರೆ. ಇವಳ ಕಿವಿಗೆ ಏನಾದರೂ ಆದರೆ ಎಂಜಿನ್ನಿನ ಗತಿ ಏನು? ಸರಿಯಾಗಿ ಪರೀಕ್ಷೆ ಮಾಡಿ, ಬೇಕಾದ ಔಷಧಿ ಕೊಡಿ ಎಂದು ಡಾಕ್ಟರಿಗೆ ನಾನೇ ಖುದ್ದಾಗಿ ಹೇಳಬೇಕು. ಇವಳಿಗೆ ಹೇಳಿದರೆ, ನನಗೇನಾಗಿದೆ ಧಾಡಿ ಎನ್ನುತ್ತಾಳೆ. ಎಷ್ಟು ಹೇಳಿದರೂ ಒಪ್ಪುವುದಿಲ್ಲ. ಇಂಥ ಹಟಮಾರಿಯ ಜೊತೆ ಬಾಳುವುದು ಸುಲಭವಲ್ಲ.

ಕೊನೆಗೆ, ಪರೀಕ್ಷೆಗೆ ನೀವು ಮೊದಲು ಕೂತರೆ ನಾನೂ ಕೂರುತ್ತೇನೆ ಎಂದಳು. ಆಗಲಿ. ಅವಳಿಗಾಗಿ ಅಷ್ಟು ಮಾಡುವುದು ದೊಡ್ಡದಲ್ಲ.